ಪಂಕ್ತಿಯೂ ಮನಸ್ಸಾಕ್ಷಿಯೂ

ಸಭೆಯವರು ಕೂಡಿ ಓದುವದಕ್ಕಾಗಿ ಒಂದು ಪಾಠ. ಓದತಕ್ಕ ವೇದಭಾಗಗಳು: ರೋಮಾಪುರದವರಿಗೆ ಬರೆದ ಪತ್ರಿಕೆ 14ನೆಯ ಅಧ್ಯಾಯ; ಗಲಾತ್ಯದವರಿಗೆ 2:11–14; ಕೊರಿಂಥದವರಿಗೆ ಬರೆದ ಒಂದನೆಯ ಪತ್ರಿಕೆ 10:23–33.



ಅಪೊಸ್ತಲನಾದ ಪೌಲನು ಊಟದ ವಿಷಯವಾಗಿ ಬರೆದ ಮೊದಲಿನ ಎರಡು ಭಾಗಗಳನ್ನು ಒಂದೇ ಸಂಜೆ ಓದಿದವನಿಗೆ ಒಂದು ಸಂಶಯ ಹುಟ್ಟದೆ ಇರದು. ರೋಮಾಪುರದ ಸಭೆಯಲ್ಲಿ ಕೆಲವರು ಎಲ್ಲವನ್ನೂ ತಿನ್ನುತ್ತಿದ್ದರು, ಕೆಲವರು ಕಾಯಿಪಲ್ಯ ಮಾತ್ರ ತಿನ್ನುತ್ತಿದ್ದರು. ಕೆಲವರು ಒಂದು ದಿನವನ್ನು ವಿಶೇಷವೆಂದು ಆಚರಿಸಿದರು, ಕೆಲವರಿಗೆ ಎಲ್ಲಾ ದಿನಗಳೂ ಸಮವಾಗಿದ್ದವು. ಪೌಲನ ಸ್ವಂತ ಅಭಿಪ್ರಾಯವೇನೆಂಬದು ಅಲ್ಲಿ ಮರೆಯಾಗಿಲ್ಲ. ಯಾವ ಆಹಾರವೂ ತನ್ನಷ್ಟಕ್ಕೆ ಅಶುದ್ಧವಲ್ಲವೆಂದು ಅವನು ನಂಬಿದ್ದನು. ಆದಾಗ್ಯೂ ಕಾಯಿಪಲ್ಯ ತಿನ್ನುವವನನ್ನು ಅವನು ಗದರಿಸಲಿಲ್ಲ. ಪ್ರತಿಯೊಬ್ಬನು ತನ್ನ ಮನಸ್ಸಿನಲ್ಲಿ ನಿಶ್ಚಯವುಳ್ಳವನಾಗಿರಲಿ, ತಿನ್ನುವವನು ತಿನ್ನದವನನ್ನು ಹೀನೈಸದಿರಲಿ, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡದಿರಲಿ ಎಂಬದೇ ಅವನ ಬುದ್ಧಿವಾದದ ಸಾರ.

ಅಂತಿಯೋಕ್ಯದಲ್ಲಿ ನಡೆದದ್ದು ಬೇರೆ. ಅಲ್ಲಿ ಪೇತ್ರನು ಅನ್ಯಜನರಿಂದ ಬಂದ ವಿಶ್ವಾಸಿಗಳ ಸಂಗಡ ಒಂದೇ ಪಂಕ್ತಿಯಲ್ಲಿ ಊಟಮಾಡುತ್ತಿದ್ದನು. ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೆ ಹಿಂದೆಗೆದು ಬೇರೆಯಾಗಿ ಕೂತನು. ಬಾರ್ನಬನಂಥ ಸಾಧುವೂ ಅವನ ಹಿಂದೆ ಎದ್ದುಹೋದನು. ಆಗ ಪೌಲನು ಸುಮ್ಮನಿರಲಿಲ್ಲ, ಒಂದು ಕಡೆ ಕರೆದು ಮೆಲ್ಲಗೆ ಹೇಳಲೂ ಇಲ್ಲ. ಎಲ್ಲರ ಮುಂದೆ ಮುಖಾಮುಖಿಯಾಗಿ ಅವನನ್ನು ಆಕ್ಷೇಪಿಸಿದನು.

ಊಟದ ವಿಷಯವೇ, ಪೌಲನೇ. ಒಂದು ಕಡೆ ಅಷ್ಟು ತಾಳ್ಮೆ, ಇನ್ನೊಂದು ಕಡೆ ಅಷ್ಟು ಕಠಿಣತೆ ಏಕೆ? ಕಾಯಿಪಲ್ಯ ತಿನ್ನುವವನು ದೇವರ ಮುಂದೆ ಭಯಪಟ್ಟು ಹಾಗೆ ಮಾಡಿದನು; ಅದು ಅವನ ಮನಸ್ಸಾಕ್ಷಿ. ಪೇತ್ರನಿಗಾದರೋ ಅಂಥ ಮನಸ್ಸಾಕ್ಷಿ ಇರಲಿಲ್ಲ. ಯೊಪ್ಪದ ಮಾಳಿಗೆಯ ಮೇಲೆ ಅವನು ದರ್ಶನ ಕಂಡಿದ್ದನು, ಕೊರ್ನೇಲ್ಯನ ಮನೆಯನ್ನು ಹೊಕ್ಕಿದ್ದನು, ಬಂದವರು ಬರುವ ವರೆಗೂ ಅದೇ ಪಂಕ್ತಿಯಲ್ಲಿ ಉಂಡಿದ್ದನು. ಅವನು ಎದ್ದದ್ದು ದೇವರಿಗೆ ಹೆದರಿ ಅಲ್ಲ, ಜನರಿಗೆ ಹೆದರಿ. ಅವನು ಬಿಟ್ಟದ್ದು ಒಂದು ಬಗೆಯ ಆಹಾರವನ್ನಲ್ಲ, ಒಂದು ಬಗೆಯ ಹುಟ್ಟಿನ ಮನುಷ್ಯರನ್ನು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿರಿ. ನಮ್ಮಲ್ಲಿ ಐಕ್ಯದ ಮಾತು ಎದ್ದಾಗಲೆಲ್ಲಾ ಕೆಲವರು ಎಲ್ಲಾ ಭೇದವನ್ನೂ ರೋಮಾಪುರದ ಕಾಯಿಪಲ್ಯವೆಂದು ಹೇಳಿ ಮುಚ್ಚಿಡುತ್ತಾರೆ. ಮತ್ತೆ ಕೆಲವರು ಎಲ್ಲಾ ಭೇದವನ್ನೂ ಅಂತಿಯೋಕ್ಯದ ಪಾಪವೆಂದು ಕೂಗುತ್ತಾರೆ. ಇಬ್ಬರೂ ಅವಸರಪಡುತ್ತಾರೆ.

ಈಗ ಈ ಎರಡು ಊಟಗಳನ್ನು ನಮ್ಮ ಸೀಮೆಗೆ ತಂದು ನೋಡೋಣ. ಬಂಗಾರಪೇಟೆಗೆ ಮೊದಲು ಬೌರಿಂಗ್‌ಪೇಟೆ ಎಂಬ ಹೆಸರಿತ್ತು; 1862ರಿಂದ 1870ರ ವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ದೊರೆಯಿಂದ ಬಂದ ಹೆಸರು ಅದು. ಅಲ್ಲಿಂದ ಮಾರಿಕುಪ್ಪದ ವರೆಗೆ 1894ರಲ್ಲಿ ರೈಲುಹಾದಿ ತೆರೆಯಿತು. ಸುಮಾರು 16 ಕಿಲೋಮೀಟರಿನ ಆ ಚಿಕ್ಕ ಹಾದಿಯ ಕೊನೆಯಲ್ಲಿ ಎಷ್ಟು ಜನಾಂಗಗಳು ಕೂಡಿದವೆಂಬದನ್ನು ನೆನಸಿದರೆ ಆಶ್ಚರ್ಯವಾಗುತ್ತದೆ. ಉತ್ತರ ಆರ್ಕಾಟು, ಸೇಲಂ ಸೀಮೆಗಳಿಂದ ತಮಿಳರು, ಚಿತ್ತೂರಿನ ಕಡೆಯಿಂದ ತೆಲುಗರು, ಕೋಲಾರದ ಹಳ್ಳಿಗಳಿಂದ ಕನ್ನಡಿಗರು, ಕಾವಲಿಗೆ ಪಂಜಾಬಿನವರು, ಕಛೇರಿ ಕಾರ್ಖಾನೆಗಳಿಗೆ ಆಂಗ್ಲೋ ಇಂಡಿಯನ್ನರು, ಇಂಗ್ಲೆಂಡಿನ ಕಾರ್ನ್‌ವಾಲಿನಿಂದಲೂ ಇಟಲಿಯಿಂದಲೂ ಗಣಿಕೆಲಸ ಬಲ್ಲವರು. ನಮ್ಮ ಕೋಲಾರ ಸೀಮೆಯಲ್ಲಿ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಗಣಿಯಲ್ಲಿ ತಮಿಳು ಆಡಿದ ಕುಟುಂಬಗಳು ಎಷ್ಟೋ.

ಇವರಲ್ಲಿ ಕ್ರೈಸ್ತರಾಗಿದ್ದವರು ತಂತಮ್ಮ ಸಭೆಯನ್ನು ಬಟ್ಟೆಯ ಗಂಟಿನ ಸಂಗಡ ಕಟ್ಟಿಕೊಂಡು ಬಂದರು. ಆ ಕಾಲದ ಮಿಷನುಗಳು ಒಬ್ಬರ ಹೊಲದಲ್ಲಿ ಇನ್ನೊಬ್ಬರು ಬಿತ್ತಬಾರದೆಂದು ಸೀಮೆಗಳನ್ನು ಹಂಚಿಕೊಂಡಿದ್ದವು. ಆರ್ಕಾಟು ಸೀಮೆಯಲ್ಲಿ ಅಮೆರಿಕದ ರಿಫಾರ್ಮ್ಡ್ ಸಭೆಯವರು 1853ರಲ್ಲಿ ತಮ್ಮ ಮಿಷನನ್ನು ಸ್ಥಾಪಿಸಿದರು. ತಮಿಳುನಾಡಿನ ಬೇರೆ ಭಾಗಗಳಲ್ಲಿ ಲೂಥರನ್ನರಿದ್ದರು. ಬೆಂಗಳೂರು ಮೈಸೂರುಗಳಲ್ಲಿ ವೆಸ್ಲಿಯನ್ನರಿದ್ದರು. ಕೋಲಾರದಲ್ಲಾದರೋ ಧಾತು ಈಶ್ವರ ಸಂವತ್ಸರಗಳ, ಅಂದರೆ 1876–78ರ, ಮಹಾಕ್ಷಾಮದಲ್ಲಿ ದಿಕ್ಕಿಲ್ಲದೆ ಹೋದ ಮಕ್ಕಳನ್ನು ಸಾಕಿದ ಮಿಸ್ ಆನ್‌ಸ್ಟಿಯವರ ಕೆಲಸವು 1890ರಲ್ಲಿ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯ ಕೈಗೆ ಬಂತು. ಆ ಸಭೆಯವರೇ 1910ರಲ್ಲಿ ಕೋಲಾರದ ಆಸ್ಪತ್ರೆಯನ್ನು ಸ್ಥಾಪಿಸಿದರು. ಹೀಗಿರುವದರಿಂದ ಒಬ್ಬ ಗಣಿಯಾಳು ಲೂಥರನ್ ಆಗಿದ್ದದ್ದು ಲೂಥರನ ಬೋಧನೆಯನ್ನೂ ವೆಸ್ಲಿಯ ಬೋಧನೆಯನ್ನೂ ತಕ್ಕಡಿಯಲ್ಲಿ ತೂಗಿ ನೋಡಿದ್ದರಿಂದಲ್ಲ. ಅವನ ಅಜ್ಜನ ಊರಿಗೆ ಮೊದಲು ನಡೆದುಬಂದ ಉಪದೇಶಿಯು ಲೂಥರನ್ ಮಿಷನಿನವನಾಗಿದ್ದನು, ಅಷ್ಟೆ. ಪಕ್ಕದ ಮನೆಯವನು ಮೆಥೊಡಿಸ್ಟ್ ಆಗಿದ್ದದ್ದೂ ಹಾಗೆಯೇ.

ಇದನ್ನು ಹೇಳುವಾಗ ಒಂದು ಎಚ್ಚರಿಕೆ ಬೇಕು. ಹುಟ್ಟಿನಿಂದ ಬಂದದ್ದೆಲ್ಲಾ ಹಗುರವಾದದ್ದಲ್ಲ. ತಾಯಿಯ ಮಡಿಲಲ್ಲಿ ಕಲಿತ ಪ್ರಶ್ನೋತ್ತರಮಾಲೆಯೂ, ತಂದೆಯ ಶವದ ಬಳಿಯಲ್ಲಿ ಹಾಡಿದ ಕೀರ್ತನೆಯೂ, ಮೊಣಕಾಲೂರಿ ಕರ್ತನ ಭೋಜನವನ್ನು ತೆಗೆದುಕೊಂಡ ಕ್ರಮವೂ ಕಾಲಕ್ರಮದಲ್ಲಿ ಒಬ್ಬನ ಮನಸ್ಸಿಗೆ ನಿಜವಾದ ನಿಶ್ಚಯವಾಗಬಹುದು. ಮಿಷನಿನ ನಕ್ಷೆಯಿಂದ ಅದು ಬಂತೆಂದು ನಗುವವನು ರೋಮಾಪುರದಲ್ಲಿ ತಿನ್ನದವನನ್ನು ಹೀನೈಸಿದವನ ಜಾಡಿನಲ್ಲಿಯೇ ನಡೆಯುತ್ತಾನೆ. ನಾವು ಕೇಳಬೇಕಾದದ್ದು ಇದು ನನಗೆ ಎಲ್ಲಿಂದ ಬಂತು ಎಂಬದನ್ನು ಮಾತ್ರವಲ್ಲ. ಇದನ್ನು ನಾನು ಈಗ ಯಾರ ಮುಂದೆ ಹಿಡಿದುಕೊಂಡಿದ್ದೇನೆ, ದೇವರ ಮುಂದೆಯೋ ನೆರೆಯವರ ಮುಂದೆಯೋ ಎಂಬದನ್ನು.

ಭಾಷೆಯ ಮಾತು ಇದಕ್ಕಿಂತ ಸುಲಭವೆಂದು ನನ್ನ ಎಣಿಕೆ. ತಮಿಳು ಆರಾಧನೆ ಒಂದು ಹೊತ್ತಿಗೆ, ಕನ್ನಡ ಆರಾಧನೆ ಇನ್ನೊಂದು ಹೊತ್ತಿಗೆ ನಡೆಯುವದನ್ನು ಕಂಡು ಸಭೆ ಒಡೆದಿದೆಯೆಂದು ಅಳಬೇಕಾಗಿಲ್ಲ. ಪಂಚಾಶತ್ತಮದ ದಿನದಲ್ಲಿ ಎಲ್ಲರೂ ಒಂದೇ ಭಾಷೆಯನ್ನು ಕೇಳಲಿಲ್ಲ. ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯಲ್ಲಿ ಕೇಳಿದನು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಬಹು ವರ್ಷ ದುಡಿದು ಕನ್ನಡದಲ್ಲಿ ಸತ್ಯವೇದವನ್ನು ಅಚ್ಚುಮಾಡಿಸಿದ್ದು ಕನ್ನಡಿಗನು ಕನ್ನಡದಲ್ಲಿಯೇ ದೇವರನ್ನು ಸ್ತುತಿಸಲೆಂದೇ ಅಲ್ಲವೇ? ಆದರೆ ಬೇರೆ ಬೇರೆ ಹೊತ್ತು ಎಂಬದು ಬೇರೆ ಬೇರೆ ಮನಸ್ಸಾಗುವ ಗಳಿಗೆಯೊಂದುಂಟು. ಒಂದೇ ಗುಡಿಯಲ್ಲಿ ಕೂಡುವ ಎರಡು ಭಾಷೆಯವರು ಒಬ್ಬರ ರೋಗಿಯನ್ನು ಇನ್ನೊಬ್ಬರು ನೋಡದೆ, ಒಬ್ಬರ ಮದುವೆಗೆ ಇನ್ನೊಬ್ಬರು ಹೋಗದೆ, ಬಾಗಿಲಿನ ಬೀಗದ ಕೈ ಯಾರ ಬಳಿಯಲ್ಲಿರಬೇಕೆಂಬದಕ್ಕೆ ಮಾತ್ರ ಭೇಟಿಯಾಗುವದಾದರೆ, ಆಗ ಅದು ಭಾಷೆಯ ಮಾತಲ್ಲ. 1982ರಲ್ಲಿ ಗೋಕಾಕ್ ವರದಿಯ ಚಳವಳಿಯ ಕಾಲದಲ್ಲಿಯೂ, 1991ರಲ್ಲಿ ಕಾವೇರಿಯ ನೀರಿಗಾಗಿ ಗಲಭೆ ಎದ್ದ ಕಾಲದಲ್ಲಿಯೂ ನಮ್ಮ ನಾಡಿನಲ್ಲಿ ಕನ್ನಡಿಗನಿಗೂ ತಮಿಳನಿಗೂ ನಡುವೆ ಕಹಿ ಬೆಳೆಯಿತು. ಅಂಥ ದಿನಗಳಲ್ಲಿ ಒಂದೇ ರೊಟ್ಟಿಯನ್ನು ಮುರಿದವರು ಬೀದಿಯಲ್ಲಿ ಒಬ್ಬರನ್ನೊಬ್ಬರು ಕಂಡು ಮುಖ ತಿರುಗಿಸಿದರೋ, ಬಾಗಿಲು ತೆರೆದರೋ, ಎಂಬದನ್ನು ಆ ಕಾಲವನ್ನು ಕಂಡ ಹಿರಿಯರು ತಮ್ಮ ತಮ್ಮ ಸಭೆಗಳಲ್ಲಿ ಎಳೆಯರಿಗೆ ಹೇಳಲಿ.

ಗಣಿಯನ್ನು ಬಲ್ಲವರು ಇಲ್ಲಿ ಒಂದು ಮಾತನ್ನು ಎತ್ತುತ್ತಾರೆ. ನೆಲದ ಕೆಳಗೆ ನಾವೆಲ್ಲರೂ ಒಂದೇ ಆಗಿದ್ದೆವು, ಜಾತಿಯೂ ಭಾಷೆಯೂ ಅಲ್ಲಿರಲಿಲ್ಲ, ಎಂದು. ಅದರಲ್ಲಿ ಸತ್ಯವುಂಟು. ಚಾಂಪಿಯನ್ ರೀಫಿನ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಒಂದೇ ಕೇಜಿನಲ್ಲಿ ಮೈಗೆ ಮೈ ತಾಗಿ ಇಳಿಯುವಾಗ ಪಕ್ಕದವನ ಕುಲವನ್ನು ಕೇಳುವವರಾರು? ಒಳಗಿನ ಒತ್ತಡದಿಂದ ಬಂಡೆ ತಾನಾಗಿ ಸಿಡಿದಾಗ ಅದು ಲೂಥರನ್ನನೆಂದಾಗಲಿ ಮೆಥೊಡಿಸ್ಟನೆಂದಾಗಲಿ ಆರಿಸಲಿಲ್ಲ. ಕಲ್ಲಿನ ಕೆಳಗಿಂದ ಎಳೆದ ಕೈಯೂ ಯಾರದೆಂದು ಯಾರೂ ವಿಚಾರಿಸಲಿಲ್ಲ. ಆದರೆ ಪಾಳಿ ಮುಗಿದು ಮೇಲೆ ಬಂದ ಕೂಡಲೆ ದೊರೆಗಳು ಬಂಗಲೆಗೂ ಕ್ಲಬ್ಬಿಗೂ, ಆಳುಗಳು ತಮ್ಮ ತಮ್ಮ ಲೈನುಗಳಿಗೂ ಹೋದರು. ಕಾರ್ನ್‌ವಾಲಿನವರಲ್ಲಿ ಅನೇಕರು ಮೆಥೊಡಿಸ್ಟರು. ಅವರ ಕೈಕೆಳಗೆ ದುಡಿದವರಲ್ಲಿಯೂ ಕ್ರೈಸ್ತರಿದ್ದರು. ಕೆಳಗೆ ಒಂದೇ ಕೇಜನ್ನು ಹಂಚಿಕೊಂಡವರಿಗೆ ಮೇಲೆ ಒಂದೇ ಪಂಕ್ತಿ ದೊರೆಯಲಿಲ್ಲ. ಅಪಾಯವು ಕೂಡಿಸಿದ್ದನ್ನು ಸಂಜೆಯು ಬಿಡಿಸಿತು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೇಜು ನಿಂತಿತು, ಗಣಿಯ ಮಕ್ಕಳು ಕೂಲಿಗಾಗಿ ಬೆಳಗಿನ ಜಾವದ ರೈಲನ್ನು ಹತ್ತಿ ಬೆಂಗಳೂರಿಗೆ ಹೋಗುವವರಾದರು. ಕಷ್ಟದಿಂದ ಹುಟ್ಟಿದ ಐಕ್ಯವು ಕಷ್ಟವಿರುವ ವರೆಗೆ ಮಾತ್ರ ನಿಲ್ಲುವದಾದರೆ ಸಭೆಗೆ ಅದಕ್ಕಿಂತ ಆಳವಾದ ಬುಡ ಬೇಕು.

ಈಗ ಜಾತಿಯ ಮಾತು. ಇದನ್ನು ಮೆಲ್ಲಗೆ ಹೇಳುವದು ನಮ್ಮ ಪತ್ರಿಕೆಗಳ ರೂಢಿ; ಆದರೆ ಪೌಲನು ಅಂತಿಯೋಕ್ಯದಲ್ಲಿ ಮೆಲ್ಲಗೆ ಹೇಳಲಿಲ್ಲವೆಂದು ಆಗಲೇ ಓದಿದೆವು. ತಮಿಳು ಸೀಮೆಯ ಹಳೆಯ ಸಭೆಗಳಲ್ಲಿ ಕುಲದವರು ಒಂದು ಕಡೆ, ಕುಲದಿಂದ ಹೊರಗೆ ಇಡಲ್ಪಟ್ಟವರು ಇನ್ನೊಂದು ಕಡೆ ಕೂತುಕೊಳ್ಳುತ್ತಿದ್ದರು. ಪಾತ್ರೆಯಿಂದ ಕುಡಿಯುವದರಲ್ಲಿಯೂ ಮೊದಲು ಯಾರು ಆಮೇಲೆ ಯಾರು ಎಂಬದಿತ್ತು. 1833ರಲ್ಲಿ ಕಲ್ಕತ್ತದ ಬಿಷಪರಾದ ಡೇನಿಯಲ್ ವಿಲ್ಸನ್ ಅವರು ಪತ್ರ ಬರೆದು, ಈ ಭೇದವನ್ನು ಸಭೆಯೊಳಗೆ ಸಂಪೂರ್ಣವಾಗಿ ಬಿಡತಕ್ಕದ್ದೆಂದು ವಿಧಿಸಿದರು. ಆಗ ತಂಜಾವೂರಿನಲ್ಲಿಯೂ ಮದರಾಸಿನ ವೇಪೇರಿಯಲ್ಲಿಯೂ ಅನೇಕರು ಸಭೆಯನ್ನೇ ಬಿಟ್ಟು ಹೋದರು. ಅವರಲ್ಲಿ ಕೆಲವರು ತರುವಾಯ ಲೂಥರನ್ ಮಿಷನನ್ನು ಸೇರಿದರು. 1850ರಲ್ಲಿ ಮದರಾಸಿನ ಮಿಷನೆರಿಗಳ ಕೂಟವು ಇನ್ನೂ ಮುಂದೆ ಹೋಗಿ, ಬೇರೆ ಕುಲದವರ ಸಂಗಡ ಉಂಡು ಜಾತಿಯನ್ನು ಬಿಟ್ಟೆನೆಂದು ತೋರಿಸದವನಿಗೆ ದೀಕ್ಷಾಸ್ನಾನ ಕೊಡಲಾಗದೆಂದು ಒಪ್ಪಿತು. ಲೈಪ್‌ಜಿಗಿನ ಲೂಥರನ್ನರು ಇದಕ್ಕೆ ಕೂಡಲಿಲ್ಲ. ಜಾತಿಯು ಲೋಕವ್ಯವಹಾರದ ಸಂಗತಿ, ಸುವಾರ್ತೆಯು ಅದನ್ನು ಮೆಲ್ಲಮೆಲ್ಲಗೆ ಕರಗಿಸುವದು ಎಂಬದು ಅವರ ನಂಬಿಕೆಯಾಗಿತ್ತು. ಅವರು ಅದನ್ನು ಮನಃಪೂರ್ವಕವಾಗಿ ನಂಬಿದರೆಂದು ಒಪ್ಪುತ್ತೇನೆ. ಆದರೆ ಅವರ ಬಳಿಗೆ ಓಡಿಬಂದವರ ಸಂಗತಿಯನ್ನು ನೋಡಿರಿ. ಅವರು ಆಂಗ್ಲಿಕನ್ ಸಭೆಯನ್ನು ಬಿಟ್ಟದ್ದು ಕರ್ತನ ಭೋಜನದ ತತ್ವಕ್ಕಾಗಿ ಅಲ್ಲ, ಭೋಜನಕ್ಕೆ ಪಕ್ಕದಲ್ಲಿ ಕೂತವನಿಗಾಗಿ. ಜಾತಿಯು ಪಂಗಡದ ಅಂಗಿಯನ್ನು ತೊಟ್ಟು ನಿಂತದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವನ್ನು ನಾನರಿಯೆನು. ಆ ಅಂಗಿ ಇಂದು ಹರಿದುಹೋಗಿದೆಯೋ? ಮಗಳ ಮದುವೆಯ ಮಾತು ಬಂದಾಗ ಸಭೆ ಯಾವದೆಂದು ಮೊದಲು ಕೇಳುತ್ತೇವೋ, ಮೂಲ ಯಾವದೆಂದು ಮೊದಲು ಕೇಳುತ್ತೇವೋ, ಎಂಬದು ಇದಕ್ಕೆ ಉತ್ತರ.

ಇನ್ನು ಐಕ್ಯಕ್ಕಾಗಿ ಕೈಯೆತ್ತಿದವರನ್ನು ನೋಡೋಣ. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ, ಅಂದರೆ 1706ರಲ್ಲಿ ಸೀಗೆನ್‌ಬಾಲ್ಗ್ ಬಂದಿಳಿದ ಊರಿನಲ್ಲಿಯೇ, 33 ಮಂದಿ ಸಭಾಸೇವಕರು ಕೂಡಿದರು. ಇಬ್ಬರ ಹೊರತಾಗಿ ಎಲ್ಲರೂ ಭಾರತೀಯರು; ದೋರ್ನಕಲ್ಲಿನ ಬಿಷಪ್ ಅಜರಯ್ಯನವರು ಅವರಲ್ಲಿ ಮುಖ್ಯರು. ಪಶ್ಚಿಮದೇಶದ ಹಳೆಯ ವ್ಯಾಜ್ಯಗಳಿಂದ ಹುಟ್ಟಿದ ಗೋಡೆಗಳು ನಮ್ಮ ಮೇಲೆ ಹೊರಗಿನಿಂದ ಹೊರಿಸಲ್ಪಟ್ಟವೆಂದು ಅವರು ದುಃಖಪಟ್ಟು ಮಾತುಕತೆಗೆ ಕರೆಕೊಟ್ಟರು. ಆ ಮಾತುಕತೆ 28 ವರ್ಷ ನಡೆಯಿತು. ಅಜರಯ್ಯನವರು ಫಲವನ್ನು ಕಾಣದೆ 1945ರ ಜನವರಿ 1ರಂದು ತೀರಿಹೋದರು. 1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಸುಮಾರು ಆರು ವಾರಗಳಾದ ಮೇಲೆ, ಮದರಾಸಿನ ಸೇಂಟ್ ಜಾರ್ಜ್ ದೇವಾಲಯದಲ್ಲಿ ಆಂಗ್ಲಿಕನ್ನರೂ ಬ್ರಿಟಿಷ್ ಮೆಥೊಡಿಸ್ಟರೂ ದಕ್ಷಿಣ ಭಾರತ ಐಕ್ಯಸಭೆಯವರೂ ಕೂಡಿ ದಕ್ಷಿಣ ಭಾರತ ಸಭೆಯಾದರು. ಆರ್ಕಾಟಿನ ರಿಫಾರ್ಮ್ಡ್ ಸಭೆಯವರು ಮೊದಲೇ ಆ ಐಕ್ಯಸಭೆಯಲ್ಲಿ ಸೇರಿದ್ದರಿಂದ ಅವರೂ ಇದರೊಳಗೆ ಬಂದರು.

ಇಷ್ಟು ದೀರ್ಘವಾಗಿ ಮಾತಾಡಿದ್ದೇಕೆ? ಬಿಷಪರು ಬೇಕೋ ಬೇಡವೋ, ಬಿಷಪರ ಹಸ್ತಾರ್ಪಣೆಯಿಲ್ಲದೆ ಅಭಿಷೇಕ ಹೊಂದಿದ ಪಾಲಕರ ಸೇವೆ ಸಲ್ಲುವದೋ ಇಲ್ಲವೋ, ಎಂಬ ವಿಷಯಗಳಲ್ಲಿ ಎರಡು ಕಡೆಯವರಿಗೂ ನಿಜವಾದ ಮನಸ್ಸಾಕ್ಷಿಯಿತ್ತು. ಯಾರೂ ತಮ್ಮ ನಂಬಿಕೆಯನ್ನು ನೀರಿನಲ್ಲಿ ಬಿಡಲಿಲ್ಲ. ಮುಂದೆ ಅಭಿಷೇಕವೆಲ್ಲಾ ಬಿಷಪರಿಂದ ಆಗುವದೆಂದೂ, ಆಗಲೇ ಸೇವೆಯಲ್ಲಿದ್ದವರನ್ನು ಮರಳಿ ಅಭಿಷೇಕಿಸದೆ ಅಂಗೀಕರಿಸುವದೆಂದೂ ಒಪ್ಪಿದರು. ಇದರ ಸಂಗಡ ಒಂದು ಪ್ರತಿಜ್ಞೆಯನ್ನೂ ಬರೆದುಕೊಂಡರು: ಒಂದು ಸಭೆಯ ಮನಸ್ಸಾಕ್ಷಿಗೆ ನೋವಾಗುವಂತೆ ಅದಕ್ಕೆ ರೂಢಿಯಿಲ್ಲದ ಆರಾಧನಾಕ್ರಮವನ್ನಾಗಲಿ ಸೇವಕನನ್ನಾಗಲಿ ತಿಳಿದು ತಿಳಿದು ಹೇರಕೂಡದು. ರೋಮಾಪುರದ ಪತ್ರಿಕೆಯ 14ನೆಯ ಅಧ್ಯಾಯವು ಒಂದು ಸಭೆಯ ಕಟ್ಟಳೆಯೊಳಗೆ ಹೀಗೆ ಹೊಕ್ಕಿತು. ಪಂಕ್ತಿ ಒಂದೇ, ತಿನ್ನುವವನೂ ತಿನ್ನದವನೂ ಅದರಲ್ಲಿ ಕೂತರು.

ಎಲ್ಲರೂ ಕೂತರೆಂದು ಹೇಳಲಾಗದು. ನಂದ್ಯಾಲದ ಅನೇಕ ಆಂಗ್ಲಿಕನ್ನರು ಆಗ ಹೊರಗುಳಿದರು. ಲೂಥರನ್ನರು ಸೇರಲಿಲ್ಲ. ಕೋಲಾರದ ಸೀಮೆಯಲ್ಲಿ ಕೆಲಸಮಾಡಿದ ಅಮೆರಿಕದ ಮೆಥೊಡಿಸ್ಟರ ಸಭೆಯೂ ಸೇರಲಿಲ್ಲ. 1970ರಲ್ಲಿ ಉತ್ತರದೇಶದ ಸಭೆಗಳು ಒಂದಾದಾಗಲೂ ಅದು ಬೇರೆಯಾಗಿ ನಿಂತು, 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆಯೆಂಬ ಸ್ವತಂತ್ರ ಸಭೆಯಾಯಿತು. ಆದಕಾರಣ ನಮ್ಮ ಸೀಮೆಯಲ್ಲಿ ಒಂದೇ ಮನೆತನದ ಅಕ್ಕನು ದಕ್ಷಿಣ ಭಾರತ ಸಭೆಯಲ್ಲಿಯೂ ತಂಗಿಯು ಮೆಥೊಡಿಸ್ಟ್ ಸಭೆಯಲ್ಲಿಯೂ ಇರುವದು ಹೊಸ ಸಂಗತಿಯಲ್ಲ. ಹೊರಗುಳಿದವರನ್ನು ಐಕ್ಯದ ಶತ್ರುಗಳೆಂದು ಕರೆಯುವದು ನ್ಯಾಯವಲ್ಲ. ನಿಶ್ಚಯದಿಂದ ಉಳಿದವನು ದೇವರಿಗೆ ಉತ್ತರಕೊಡುತ್ತಾನೆ. ಹಾಗೆಯೇ, ಒಂದಾದ ಸಭೆಯಲ್ಲಿ ಇದ್ದೇನೆಂಬ ಮಾತ್ರಕ್ಕೆ ನಾನು ಐಕ್ಯವುಳ್ಳವನೆಂದೂ ಹೇಳಲಾಗದು. ಹಲಗೆಯ ಮೇಲೆ ಒಂದು ಹೆಸರು ಬರೆಯುವದು ಸುಲಭ, ಒಂದು ಬೆಂಚಿನ ಮೇಲೆ ಕೂಡಿ ಕೂಡುವದು ಕಷ್ಟ.

ನಮ್ಮ ಅನೇಕ ಮನೆಗಳನ್ನು ಸೀಳಿರುವ ಇನ್ನೊಂದು ಗೆರೆಯನ್ನು ಹೇಳದೆ ಈ ಪಾಠ ಪೂರ್ತಿಯಾಗದು. 1950ರ ರಾಷ್ಟ್ರಪತಿಯ ಆಜ್ಞೆಯಂತೆ ಹಿಂದುವಲ್ಲದವನು ಪರಿಶಿಷ್ಟ ಜಾತಿಯವನೆಂದು ಎಣಿಸಲ್ಪಡಲಿಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಆ ಬಾಗಿಲು ತೆರೆಯಿತು, ಕ್ರೈಸ್ತರಿಗೆ ತೆರೆಯಲಿಲ್ಲ. ಆದಕಾರಣ ಒಬ್ಬ ತಂದೆ ಮಗನ ಓದಿಗಾಗಿ ತಾಲ್ಲೂಕು ಕಛೇರಿಯಲ್ಲಿ ಒಂದು ಹೆಸರನ್ನೂ ಸಭೆಯ ಪುಸ್ತಕದಲ್ಲಿ ಇನ್ನೊಂದು ಹೆಸರನ್ನೂ ಇಟ್ಟುಕೊಳ್ಳುತ್ತಾನೆ. ಪಕ್ಕದ ಮನೆಯವನು ಬಹಿರಂಗವಾಗಿ ಕ್ರೈಸ್ತನೆಂದು ಬರೆಯಿಸಿ ಮಗನ ಸೀಟನ್ನು ಕಳೆದುಕೊಳ್ಳುತ್ತಾನೆ. ಇವರಿಬ್ಬರೂ ಭಾನುವಾರ ಒಂದೇ ಸಾಲಿನಲ್ಲಿ ಕೂರುತ್ತಾರೆ. ಕಳೆದುಕೊಂಡವನಿಗೆ ಇನ್ನೊಬ್ಬನ ಮೇಲೆ ತೀರ್ಪು ಮಾಡುವ ಶೋಧನೆ ಇದೆ. ಇಟ್ಟುಕೊಂಡವನಿಗೆ ಇವನನ್ನು ಹುಚ್ಚನೆಂದು ಹೀನೈಸುವ ಶೋಧನೆ ಇದೆ. ಎರಡು ಹೆಸರನ್ನು ಇಟ್ಟುಕೊಳ್ಳುವದು ಸತ್ಯಕ್ಕೆ ಸರಿಯೆಂದು ನಾನು ಹೇಳಲಾರೆ. ಆದರೆ ಹಸಿವನ್ನೂ ಮಕ್ಕಳ ಭವಿಷ್ಯವನ್ನೂ ಒತ್ತೆಯಿಟ್ಟು ಕೇಳುವ ಪ್ರಶ್ನೆಗೆ ಹೊಟ್ಟೆತುಂಬಿದವನು ಕುರ್ಚಿಯ ಮೇಲೆ ಕೂತು ಉತ್ತರ ಹೇಳಬಾರದು. ನಿಕೊದೇಮನು ಮೊದಲು ರಾತ್ರಿಯಲ್ಲಿ ಬಂದನು, ಕರ್ತನು ಅವನನ್ನು ಹೊರಗೆ ನಿಲ್ಲಿಸಲಿಲ್ಲ. ಶಿಷ್ಯರೆಲ್ಲರೂ ಓಡಿಹೋದ ಮೇಲೆ ಸುಗಂಧದ್ರವ್ಯವನ್ನು ಹೊತ್ತು ಶಿಲುಬೆಯ ಬಳಿಗೆ ಬಂದವರಲ್ಲಿ ಅವನೊಬ್ಬನು.

ಹಿಂದುಗಳಾಗಿರುವ ನಮ್ಮ ಬಂಧುಗಳ ಸಂಗಡ ಹೇಗಿರಬೇಕೆಂಬದಕ್ಕೆ ಕೊರಿಂಥದ ಭಾಗವೇ ಸಾಕು. ಅಣ್ಣನ ಮನೆಯಲ್ಲಿ ಮುದ್ದೆ ಸಾರಿಗೆ ಕರೆದರೆ ಏನೊಂದೂ ವಿಚಾರಿಸದೆ ಹೋಗಿ ಉಣ್ಣಿರಿ. ಇದು ದೇವರಿಗೆ ಎಡೆಯಿಟ್ಟದ್ದೆಂದು ಹೇಳಿ ಕೊಟ್ಟರೆ, ಕೈಮುಗಿದು ವಿನಯದಿಂದ ಬೇಡವೆನ್ನಿರಿ. ಮುಖ ಸಿಂಡರಿಸಿ ತಟ್ಟೆಯನ್ನು ತಳ್ಳುವದು ಸಾಕ್ಷಿಯಲ್ಲ. ಹಬ್ಬದ ದಿನ ಹೋಗುವದೋ ಮಾರನೆಯ ದಿನ ಹೋಗುವದೋ, ಮನೆಯ ಕೆಲಸಕ್ಕೆ ಕೈಹಾಕುವದೋ ಬೇಡವೋ, ಎಂಬಂಥವುಗಳಲ್ಲಿ ಒಬ್ಬ ಕ್ರೈಸ್ತನು ಒಂದು ಬಗೆಯಾಗಿ, ಇನ್ನೊಬ್ಬನು ಮತ್ತೊಂದು ಬಗೆಯಾಗಿ ನಿಶ್ಚಯಿಸಬಹುದು. ಅಲ್ಲಿ ರೋಮಾಪುರದ ನಿಯಮವೇ ಸಲ್ಲುವದು.

ಸಭೆಯಲ್ಲಿ ಕೂಡಿದಾಗ ಹಿರಿಯರು ಈ ಪ್ರಶ್ನೆಗಳನ್ನು ಕೇಳಿ, ಸ್ತ್ರೀಯರಿಂದಲೂ ಯೌವನಸ್ಥರಿಂದಲೂ ಉತ್ತರ ಪಡೆಯಲಿ. ಪೇತ್ರನು ಪಂಕ್ತಿಯಿಂದ ಎದ್ದಾಗ ಹಿಂದೆ ಉಳಿದ ಅನ್ಯಜನರ ವಿಶ್ವಾಸಿಗಳ ಮನಸ್ಸಿನಲ್ಲಿ ಏನು ಹುಟ್ಟಿರಬಹುದು? ನಮ್ಮ ಸಭೆಯ ಕ್ರಮಗಳಲ್ಲಿ ಯಾವದನ್ನು ನಾವು ಮನಸ್ಸಾಕ್ಷಿಯಿಂದ ಹಿಡಿದಿದ್ದೇವೆ, ಯಾವದನ್ನು ರೂಢಿಯಿಂದ ಮಾತ್ರ? ಪಕ್ಕದ ಊರಿನ ಬೇರೆ ಪಂಗಡದ ಸಭೆಯವರೊಡನೆ ನಾವು ಕಡೆಯ ಸಾರಿ ಕೂಡಿ ಪ್ರಾರ್ಥಿಸಿದ್ದು ಯಾವಾಗ? ನಮ್ಮ ಸಮಾಧಿಭೂಮಿಯಲ್ಲಿ ಯಾರಿಗೆ ಎಲ್ಲಿ ಸ್ಥಳವೆಂಬದನ್ನು ಯಾರು ನಿರ್ಣಯಿಸಿದರು, ಯಾವ ಕಾರಣದಿಂದ?